ಕಡ್ಲೆ ಜೊತೆ ಮನೆ ಹುಡುಕಿದ ಕಥೆ

ಬೆಳಗ್ಗೆ ಆರೂ ಹತ್ತು. ಕಡ್ಲೆ ಆಗಲೇ ಬಾಗಿಲ ಹತ್ತಿರ ನಿಂತಿದ್ದಾಳೆ. ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಎರಡು ಸಲ ತಿರುಗಿ ನೋಡಿದಳು. ಬೆಲ್ಟಿಗೆ ಲೀಶ್ ಕೊಕ್ಕೆ ಟಕ್ ಅಂತ ಬಿದ್ದ ಮೇಲೇ ಅವಳಿಗೆ ಸಮಾಧಾನ.

ಕಡ್ಲೆ ನಾಲ್ಕು ವರ್ಷದ ದೇಸಿ ನಾಯಿ. ಮೈ ಬಣ್ಣ ಥೇಟ್ ಹುರಿಗಡಲೆ, ಅದಕ್ಕೇ ಆ ಹೆಸರು. ಹೋದ ವರ್ಷ ನಾವಿಬ್ಬರೂ ಬೆಂಗಳೂರಿನಲ್ಲಿ ಮೂರು ತಿಂಗಳು ಬಾಡಿಗೆ ಮನೆ ಹುಡುಕಿದೆವು. ಮಲ್ಲೇಶ್ವರವನ್ನೇ ಯಾಕೆ ಆರಿಸಿಕೊಂಡೆ, ನಾಯಿ ಇಟ್ಟುಕೊಂಡು ಮನೆ ಸಿಕ್ಕಿದ್ದು ಹೇಗೆ ಅಂತ ತುಂಬಾ ಜನ ಕೇಳಿದ್ದೀರಿ. ಇವತ್ತು ನಡೆಯುತ್ತಾ ಹೇಳುತ್ತೇನೆ, ಬನ್ನಿ.

ಮೊದಲು ನಾವಿದ್ದದ್ದು ಹೊರ ವರ್ತುಲ ರಸ್ತೆ ಪಕ್ಕದ ಒಂದು ಅಪಾರ್ಟ್‌ಮೆಂಟ್‌ನಲ್ಲಿ. ಮ್ಯಾಪ್‌ನಲ್ಲಿ ನೋಡಿದರೆ ಎದುರಿಗೇ ಹಸಿರು ಬಣ್ಣದ ಪಾರ್ಕ್. ಅದನ್ನು ನೋಡಿಯೇ ನಾನು ಅಡ್ವಾನ್ಸ್ ಕೊಟ್ಟಿದ್ದು. ಮನೆಗೆ ಬಂದ ಮೇಲೆ ಗೊತ್ತಾಯಿತು, ಮಧ್ಯದಲ್ಲಿ ದಾಟೋಕೇ ಆಗದ ರಸ್ತೆ. ಹೇಗೋ ದಾಟಿ ಹೋದರೆ ಗೇಟಿನ ಮೇಲೆ ಬೋರ್ಡ್: ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ಎರಡು ವರ್ಷ ಕಡ್ಲೆ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಕಂಬ ಸುತ್ತಿದಳು. ಮಣ್ಣಿಲ್ಲ, ಹುಲ್ಲಿಲ್ಲ, ಬರೀ ಸಿಮೆಂಟು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಆಮೇಲೆ ಅಲ್ಲಿನ ಅಸೋಸಿಯೇಷನ್‌ನವರು ನಾಯಿಯನ್ನು ಲಿಫ್ಟ್‌ನಲ್ಲಿ ತರಬೇಡಿ ಅಂದರು. ನಮ್ಮದು ಆರನೇ ಮಹಡಿ. ನಿಮಗೂ ಯಾರಾದರೂ ಹೀಗೆ ಹೇಳಿದರೆ ಇದು ನೆನಪಿರಲಿ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಅದರ ಪ್ರಕಾರ ಅಸೋಸಿಯೇಷನ್‌ಗಳು ನಾಯಿ ಸಾಕಬೇಡಿ ಅಂತ ನಿಷೇಧ ಹಾಕುವ ಹಾಗಿಲ್ಲ, ಲಿಫ್ಟ್‌ಗೆ ಬರಬೇಡಿ ಅಂತಲೂ ಹೇಳುವ ಹಾಗಿಲ್ಲ. ನಾನು ಅದರ ಪ್ರಿಂಟ್ ತೆಗೆದುಕೊಂಡು ಹೋಗಿ ಕೊಟ್ಟೆ, ಒಪ್ಪಿಕೊಂಡರು. ಆದರೆ ಅಷ್ಟರಲ್ಲಿ ನನ್ನ ಮನಸ್ಸು ಆ ಜಾಗ ಬಿಟ್ಟಾಗಿತ್ತು.

ಈ ಸಲ ಮ್ಯಾಪ್ ಮುಚ್ಚಿಟ್ಟೆ. ಯಾವ ಏರಿಯಾ ಆದರೂ ಬೆಳಗ್ಗೆ ಆರು ಗಂಟೆಗೆ ಒಂದು ಸಲ, ರಾತ್ರಿ ಒಂಬತ್ತಕ್ಕೆ ಇನ್ನೊಂದು ಸಲ ಕಡ್ಲೆ ಜೊತೆ ನಡೆದು ನೋಡಿದೆ. ಮನೆ ನೋಡಿದ್ದು ಆಮೇಲೆ. ಬ್ರೋಕರ್ ಒಬ್ಬರು "ಮೇಡಂ, ಮೊದಲು ಒಳಗಡೆ ಬಂದು ಅಡುಗೆಮನೆ ನೋಡಿ" ಅಂದರು. ನಾನು ಬೀದಿಯಲ್ಲಿ ಚಪ್ಪಡಿ ಕಲ್ಲು ಎಣಿಸುತ್ತಿದ್ದೆ. ಚರಂಡಿ ಮೇಲಿನ ಕಲ್ಲು ಎಲ್ಲಿ ಕಿತ್ತುಹೋಗಿದೆ, ಕರೆಂಟ್ ವೈರ್ ಎಲ್ಲಿ ನೇತಾಡುತ್ತಿದೆ, ಬೀದಿದೀಪ ಯಾವುದು ಉರಿಯಲ್ಲ, ಇದೆಲ್ಲ ಬೇಕಲ್ವಾ? ದಿನಕ್ಕೆ ಎರಡು ಸಲ, ವರ್ಷಕ್ಕೆ ಏಳುನೂರು ಸಲ ಕಾಲಿಡುವ ಜಾಗ ಅದು.

ಜಯನಗರ ನನಗೆ ತುಂಬಾ ಇಷ್ಟವಾಗಿತ್ತು. ಒಳ್ಳೆ ಮರಗಳು, ಅಗಲ ರಸ್ತೆ. ಹತ್ತಿರದಲ್ಲೇ ಲಾಲ್‌ಬಾಗ್, 240 ಎಕರೆ. ಆದರೆ ಅಲ್ಲಿ ನಾಯಿಗೆ ಪ್ರವೇಶ ಇಲ್ಲ. ನೋಡಿದ ನಾಲ್ಕು ಮನೆಯಲ್ಲೂ "ನಾಯಿನಾ? ಬೇಡಮ್ಮ" ಅಂದರು. ಅದು ಅಲ್ಲಿಗೆ ಮುಗಿಯಿತು.

ಕಬ್ಬನ್ ಪಾರ್ಕ್ ವಿಷಯ ಬೇರೆ. 1870ರಲ್ಲಿ ಶುರುವಾದ ಆ ಪಾರ್ಕ್‌ನಲ್ಲಿ ನಾಯಿಗೆ ಲೀಶ್ ಹಾಕಿಕೊಂಡು ಓಡಾಡಬಹುದು. 2022ರಲ್ಲಿ ತೋಟಗಾರಿಕೆ ಇಲಾಖೆ ನಾಯಿಗಳನ್ನು ನಿಲ್ಲಿಸಲು ಹೊರಟಿತ್ತು. ಕೆಲವರು ಲೀಶ್ ಇಲ್ಲದೆ ಬಿಡುತ್ತಾರೆ, ಕಕ್ಕ ಎತ್ತಲ್ಲ ಅನ್ನುವ ದೂರು. ಜನ ವಿರೋಧ ಮಾಡಿದ ಮೇಲೆ ಕೈಬಿಟ್ಟರು. ಆ ದೂರಿನಲ್ಲಿ ನಿಜ ಇತ್ತು, ಅದನ್ನೂ ಹೇಳಬೇಕು. ಒಬ್ಬರು ಎತ್ತದೆ ಹೋದರೆ ಎಲ್ಲರ ನಾಯಿಗೂ ಗೇಟ್ ಮುಚ್ಚುತ್ತದೆ. ನನ್ನ ಜೇಬಿನಲ್ಲಿ ಯಾವಾಗಲೂ ನಿನ್ನೆಯ ಪೇಪರ್ ಹಾಳೆ ಇರುತ್ತದೆ. ಪಾರ್ಕ್ ಸುತ್ತಮುತ್ತ ನಮ್ಮ ಬಜೆಟ್‌ಗೆ ಮನೆ ಸಿಗಲಿಲ್ಲ. ಹಾಗಾಗಿ ಭಾನುವಾರ ಮಾತ್ರ ಹೋಗುತ್ತೇವೆ. ಅವತ್ತು ಒಳಗಿನ ರಸ್ತೆಯಲ್ಲಿ ಗಾಡಿ ಓಡಲ್ಲ. ಬಿದಿರು ಮೆಳೆ ಹತ್ತಿರ ಕಡ್ಲೆ ಮೂಗು ನೆಲಕ್ಕಿಟ್ಟರೆ ಅರ್ಧ ಗಂಟೆ ಎತ್ತಲ್ಲ.

ಈಗ ನೀವು ನೋಡುತ್ತಿರುವುದು ನಮ್ಮ ಮಲ್ಲೇಶ್ವರ. ಈ ರಸ್ತೆಗಳನ್ನು ಗಮನಿಸಿ. ಮೇನ್, ಕ್ರಾಸ್, ಮೇನ್, ಕ್ರಾಸ್, ಚೌಕಾಬಾರ ಮನೆ ತರ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯುತ್ತಿದ್ದರು. ಗಾಳಿ ಬೆಳಕು ಇರುವ ಬಡಾವಣೆ ಬೇಕು ಅಂತ ಆ ಕಾಲದಲ್ಲಿ ಮಲ್ಲೇಶ್ವರ, ಬಸವನಗುಡಿ ಬೆಳೆಸಿದರು. ಅವತ್ತು ಮನುಷ್ಯರಿಗೋಸ್ಕರ ಹಾಕಿದ ಈ ಗೆರೆಗಳು ಇವತ್ತು ನನ್ನ ನಾಯಿಗೆ ಎಷ್ಟು ಅನುಕೂಲ ಅಂದರೆ, ಎದುರಿಗೆ ಬೀದಿನಾಯಿ ಗುಂಪು ಕಂಡರೆ ಮುಂದಿನ ಕ್ರಾಸ್‌ನಲ್ಲಿ ತಿರುಗಿಬಿಡಬಹುದು. ಪಟಾಕಿ ಸದ್ದು ಬಂತಾ, ಇನ್ನೊಂದು ಕಡೆ ತಿರುಗು. ಒಂದೇ ದಾರಿ ಇರುವ ಬಡಾವಣೆಯಲ್ಲಿ ಇದು ಆಗಲ್ಲ. ಅಲ್ಲಿ ವಾಪಸ್ ಮನೆಗೇ ಬರಬೇಕು.

ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್‌ಗಳೂ ಇವೆ. ಹಿಂದಿನ ಕಾಲದಲ್ಲಿ ಕಕ್ಕಸು ಬಳಿಯುವವರು ಗಾಡಿ ತರುತ್ತಿದ್ದ ಸಂದಿಗಳು. ಆ ಕೆಲಸಕ್ಕೆ ಮನುಷ್ಯರನ್ನು ಹಚ್ಚಿದ್ದ ಕಾಲ ನೆನೆದರೆ ಈಗಲೂ ಮನಸ್ಸು ಭಾರ ಆಗುತ್ತದೆ. ಇವತ್ತು ಕೆಲವು ಸಂದಿಗಳಲ್ಲಿ ಕಸ ಬಿದ್ದಿದೆ, ಅಲ್ಲಿಗೆ ಹೋಗಲ್ಲ. ಚೊಕ್ಕಟವಾಗಿರುವ ಕಡೆ ಗಾಡಿಯ ಹೆದರಿಕೆ ಇಲ್ಲದೆ ನಿಧಾನವಾಗಿ ನಡೆಯಬಹುದು.

ಹತ್ತಿರದಲ್ಲೇ ಸ್ಯಾಂಕಿ ಕೆರೆ, 1882ರಲ್ಲಿ ಕಟ್ಟಿದ್ದು. ಅದರ ವಾಕಿಂಗ್ ಟ್ರ್ಯಾಕ್‌ಗೆ ನಾನು ಒಬ್ಬಳೇ ಹೋಗುತ್ತೇನೆ, ಕಡ್ಲೆಯನ್ನು ಒಳಗೆ ಬಿಡಲ್ಲ. ಅವಳ ಹಸಿರು ಇರುವುದು ರಸ್ತೆಯಲ್ಲೇ. ಏಪ್ರಿಲ್‌ನಲ್ಲಿ ಹೊಂಗೆ ಹೂವು ಉದುರಿ ಫುಟ್‌ಪಾತ್ ಪೂರ್ತಿ ಬಿಳಿ. ಮರದ ಬುಡದಲ್ಲಿ ಒಂದು ಹಿಡಿ ಮಣ್ಣು ಬಿಟ್ಟಿದ್ದರೂ ಸಾಕು, ಇವಳು ಅದನ್ನು ಹುಡುಕಿಕೊಳ್ಳುತ್ತಾಳೆ. ಬೇಸಿಗೆಯಲ್ಲಿ ನೆರಳು ಎಷ್ಟು ಮುಖ್ಯ ಅಂತ ನೋಡಬೇಕಾದರೆ ಅಂಗೈ ಹಿಂಭಾಗವನ್ನು ಟಾರ್ ರಸ್ತೆ ಮೇಲೆ ಇಟ್ಟು ಏಳು ಎಣಿಸಿ. ನಿಮ್ಮ ಕೈ ತಡೆಯದಿದ್ದರೆ ನಾಯಿಯ ಪಾದವೂ ತಡೆಯಲ್ಲ.

ಇನ್ನು ಬೀದಿನಾಯಿಗಳ ವಿಷಯ. ಇದನ್ನು ಯಾವ ಬ್ರೋಕರ್ ಕೂಡ ಹೇಳಲ್ಲ. ಪ್ರತಿ ಕ್ರಾಸ್‌ಗೂ ಒಂದು ಗುಂಪು, ಅವರ ಜಾಗಕ್ಕೆ ನಾವು ಬಂದಿರುವುದು. ಮೊದಲು ಅವರ ಕಿವಿ ನೋಡಿ. ತುದಿಯಲ್ಲಿ ಚಿಕ್ಕದಾಗಿ ಕತ್ತರಿಸಿದ್ದರೆ ಸಂತಾನಹರಣ ಆಪರೇಷನ್ ಆಗಿದೆ ಅಂತ ಗುರುತು. ಆಗ ಸಾಮಾನ್ಯವಾಗಿ ರೇಬಿಸ್ ಲಸಿಕೆಯನ್ನೂ ಹಾಕಿರುತ್ತಾರೆ. ಅಂಥ ಕಿವಿ ಜಾಸ್ತಿ ಕಂಡ ಬೀದಿಯಲ್ಲಿ ನನಗೆ ಧೈರ್ಯ ಬಂತು.

ನಮ್ಮ ತಿರುವಿನಲ್ಲಿ ಹೂವು ಮಾರುವ ಅಕ್ಕನ ಹತ್ತಿರ ಒಂದು ಕಂದು ನಾಯಿ ಮಲಗಿರುತ್ತದೆ, ಕರಿಯ ಅಂತ ಕರೆಯುತ್ತಾರೆ. ಮೊದಲ ವಾರ ನಮ್ಮನ್ನು ಕಂಡರೆ ಹಲ್ಲು ಕಿಸಿಯುತ್ತಿತ್ತು. ಅಕ್ಕ ಹೇಳಿದರು, "ದಿನಾ ಇದೇ ಟೈಮಿಗೆ ಬಾರಮ್ಮ, ಓಡಬೇಡ, ಅವನನ್ನು ದಿಟ್ಟಿಸಿ ನೋಡಬೇಡ." ಹಾಗೇ ಮಾಡಿದೆ. ರಸ್ತೆಯ ಆ ಕಡೆ ಐದು ನಿಮಿಷ ಸುಮ್ನೆ ನಿಂತು ವಾಪಸ್. ಎಂಟನೇ ದಿನ ಕರಿಯ ಎದ್ದು ಬಂದು ಕಡ್ಲೆಯನ್ನು ಮೂಸಿದ. ನನ್ನ ಎದೆ ಡವಡವ. ಅವನ ಬಾಲ ನಿಧಾನವಾಗಿ ಒಂದು ಸಲ ಆಡಿತು. ಅವಳದೂ ಆಡಿತು. ಅಕ್ಕ ಒಂದು ಮೊಳ ಸೇವಂತಿಗೆ ಕಟ್ಟಿ ಕೈಗಿಟ್ಟು, ದುಡ್ಡು ಬೇಡ ಅಂದರು.

ಮನೆ ಸಿಕ್ಕಿದ್ದು ಅದೇ ಅಕ್ಕನಿಂದ. ಟು-ಲೆಟ್ ಬೋರ್ಡ್ ಕೂಡ ಇರಲಿಲ್ಲ. ಕೆಳಗೆ ಓನರ್ ಆಂಟಿ, ಮೇಲೆ ನಾವು. ಆಂಟಿ ಕಡ್ಲೆಯನ್ನು ನೋಡಿ ಕೇಳಿದರು, "ಕಚ್ಚುತ್ತಾ?"

"ಇಲ್ಲ ಆಂಟಿ."

"ಬೊಗಳುತ್ತಾ?"

"ಕೊರಿಯರ್ ಬಂದಾಗ ಬೊಗಳ್ತಾಳೆ."

"ಬೊಗಳಲಿ ಬಿಡು, ನಾಯಿ ಅಲ್ವಾ. ನನ್ನ ರಂಗೋಲಿ ತುಳಿಯಬಾರದು, ಅಷ್ಟೆ."

ನಾಯಿ ಇರುವುದಕ್ಕೆ ಒಪ್ಪಿಗೆ ಇದೆ ಅಂತ ಅಗ್ರಿಮೆಂಟ್‌ನಲ್ಲಿ ಒಂದು ಸಾಲು ಬರೆಸಿಕೊಂಡೆ. ನೀವೂ ಬರೆಸಿಕೊಳ್ಳಿ, ಎಷ್ಟೇ ಒಳ್ಳೆಯ ಓನರ್ ಆದರೂ.

ಇಗೋ, ಮನೆ ಬಂತು. ಆಂಟಿ ಈಗಷ್ಟೇ ನೀರು ಹಾಕಿ ಎಂಟು ಎಳೆ ರಂಗೋಲಿ ಬಿಟ್ಟಿದ್ದಾರೆ. ಕಡ್ಲೆ ಕಾಲುಗಳನ್ನು ನೋಡಿ. ನಾನು ಲೀಶ್ ಎಳೆಯುತ್ತಿಲ್ಲ. ಎಡಗಡೆ ಗೋಡೆಗೆ ಒತ್ತಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು, ಚುಕ್ಕಿಯನ್ನೂ ಮುಟ್ಟದೆ ಗೇಟಿನೊಳಗೆ ಹೋದಳು.