ಬಾಟಿ ಅಂದ್ರೆ ರೊಟ್ಟಿ: ಗದಗ ಸೀಮೆಯ ಲಂಬಾಣಿ ಮಾತು

[ದೃಶ್ಯ: ತಾಂಡಾದ ಒಲೆ, ಹಂಚಿನ ಮೇಲೆ ಜೋಳದ ರೊಟ್ಟಿ]

ನಮಸ್ಕಾರ ರೀ. ಗದಗ ಜಿಲ್ಲೆಯ ತಾಂಡಾದಲ್ಲಿ, ಅಂದ್ರೆ ಲಂಬಾಣಿಗರ ಕೇರಿಯಲ್ಲಿ, ಊಟಕ್ಕೆ ಕೂತರೆ ತಟ್ಟೆಗೆ ಬೀಳುವುದು ನಮ್ಮದೇ ಜೋಳದ ರೊಟ್ಟಿ. ಮನೆಯವರು ಮಾತ್ರ ಅದಕ್ಕೆ ‘ಬಾಟಿ’ ಅನ್ನುತ್ತಾರೆ. ಇವರ ಮೂಲ ಸೀಮೆ ರಾಜಸ್ಥಾನದಲ್ಲಿ ಬಾಟಿ ಅಂದ್ರೆ ಕೆಂಡದಲ್ಲಿ ಸುಟ್ಟ ಗೋಧಿ ಉಂಡೆ. ಹಿಟ್ಟು ಬದಲಾಯಿತು, ಆಕಾರ ಬದಲಾಯಿತು. ಹೆಸರು ಎತ್ತಿನ ಬೆನ್ನೇರಿ ಇಲ್ಲಿವರೆಗೆ ಬಂತು.

ಎತ್ತು ಅಂತ ಸುಮ್ನೆ ಹೇಳಲಿಲ್ಲ. ಉಪ್ಪು, ದವಸ ಹೇರಿಕೊಂಡು ಊರೂರಿಗೆ, ಸೈನ್ಯಗಳಿಗೆ ಮುಟ್ಟಿಸುವುದೇ ಲಂಬಾಣಿಗರ ಹಳೆಯ ಕಸುಬು. 17ನೇ ಶತಮಾನದಲ್ಲಿ ಭಾರತ ಸುತ್ತಿದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ, ಒಂದೊಂದು ಹಿಂಡಿನಲ್ಲಿ 10-12 ಸಾವಿರ ಎತ್ತು ಇರುತ್ತಿದ್ದವು ಅಂತ ಬರೆದಿದ್ದಾನೆ. ಇಕ್ಕಟ್ಟಾದ ದಾರಿಯಲ್ಲಿ ಎದುರಾದರೆ ಅವು ದಾಟುವ ತನಕ ಎರಡು ಮೂರು ದಿನ ಕಾಯಬೇಕಿತ್ತಂತೆ! ನಮ್ಮ ಹುಬ್ಬಳ್ಳಿ ಟ್ರಾಫಿಕ್ಕೇ ವಾಸಿ.

ಆಮೇಲೆ ರೈಲು ಬಂತು, ಹೇರು ಹೋಯಿತು. 1871ರಲ್ಲಿ ಬ್ರಿಟಿಷರು ಇಡೀ ಸಮುದಾಯಗಳನ್ನೇ ಹುಟ್ಟಾ ಅಪರಾಧಿಗಳು ಅನ್ನುವ ಅಪರಾಧಿ ಬುಡಕಟ್ಟು ಕಾಯ್ದೆ ತಂದರು. ಹಲವು ಕಡೆ ಇವರನ್ನೂ ಆ ಪಟ್ಟಿಗೆ ಸೇರಿಸಿದರು. ಅದು ಹೋದದ್ದು 1952ರಲ್ಲಿ. ಈಗಲೂ ಪಟ್ಟಿಗಳ ಗೊಂದಲ ಮುಗಿದಿಲ್ಲ: ಕರ್ನಾಟಕದಲ್ಲಿ ಇವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ, ಅಂದ್ರೆ ಆ ಅಪರಾಧಿ ಪಟ್ಟಿಯಿಂದ ಬಿಡುಗಡೆಯಾದವರು. ಬೀಗರ ಮನೆಗೆ ಹೋದರೆ ಪಟ್ಟಿಯೇ ಬೇರೆ!

[ದೃಶ್ಯ: ಪರದೆಯ ಮೇಲೆ ‘ಯಾಡಿ’ ಎಂಬ ಪದ]

ಭಾಷೆಯ ಕಥೆ ಇನ್ನೂ ವಿಚಿತ್ರ. 2011ರ ಜನಗಣತಿಯಲ್ಲಿ 32 ಲಕ್ಷಕ್ಕೂ ಜಾಸ್ತಿ ಜನ ತಮ್ಮ ತಾಯ್ನುಡಿ ಲಮಾಣಿ, ಲಂಬಾಡಿ ಅಂದರು. ಸರ್ಕಾರ ಅವರನ್ನೆಲ್ಲ ಹಿಂದಿಯ ಲೆಕ್ಕಕ್ಕೆ ಹಾಕಿತು. ನನಗಂತೂ ಇದು ಸರಿ ಕಾಣಲಿಲ್ಲ. ಅಮ್ಮನಿಗೆ ‘ಯಾಡಿ’ ಅನ್ನುವವರ ಮಾತು ಹಿಂದಿ ಹೇಗಾಗುತ್ತದೆ? ಅವರು ಅದನ್ನು ಗೋರ್‌ಬೋಲಿ ಅನ್ನುತ್ತಾರೆ. ಅದಕ್ಕೆ ತನ್ನದೇ ಹಳೆಯ ಲಿಪಿ ಇಲ್ಲ, ನಮ್ಮ ಕಡೆ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ.

ಇನ್ನು ಬಟ್ಟೆ. ಕನ್ನಡಿ ಕೂರಿಸಿದ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ಈಗ ಹೆಚ್ಚಾಗಿ ವಯಸ್ಸಾದವರ ಮೈಮೇಲೆ ಕಾಣುತ್ತವೆ. ದುಡಿಯಲು ಗೋವಾಕ್ಕೆ ಹೋದ ಹೆಂಗಸರು ಹಳೆಯ ಕಸೂತಿ ಬಟ್ಟೆ ಕತ್ತರಿಸಿ, ಚೀಲ ಹೊಲಿದು ಪ್ರವಾಸಿಗರಿಗೆ ಮಾರುವುದೂ ಇದೆ. ಹೊಟ್ಟೆಪಾಡು, ಏನನ್ನೋದು?

ಹಾಡು ಮಾತ್ರ ಮಾರಾಟಕ್ಕಿಲ್ಲ. ದೀಪಾವಳಿ ಅಮಾವಾಸ್ಯೆಯ ರಾತ್ರಿ ಹುಡುಗಿಯರು ದೀಪ ಹಿಡಿದು ತಾಂಡಾದ ಮನೆಮನೆಗೂ ಹೋಗುತ್ತಾರೆ. ‘ಬಾಪು’, ‘ಯಾಡಿ’ ಅಂತ ಒಬ್ಬೊಬ್ಬ ಹಿರಿಯರನ್ನೂ ಕರೆದು ‘ಮೇರಾ’ ಹಾಡುತ್ತಾರೆ. ಅಕ್ಕಂದಿರು ಹಾಡಿದ್ದನ್ನು ಕೇಳಿಯೇ ತಂಗಿಯರು ಕಲಿಯಬೇಕು. ಅದಕ್ಕೇ ಆ ರಾತ್ರಿ ಮಕ್ಕಳು ದುಡಿಯಲು ಹೋದವರ ಜೊತೆ ಗೋವಾದ ಶೆಡ್ಡಿನಲ್ಲಿ ಇರಬಾರದು, ತಾಂಡಾದಲ್ಲಿ ಇರಬೇಕು.

[ದೃಶ್ಯ: ಕತ್ತಲು, ದೀಪಗಳ ಸಾಲು, ಹಾಡು]