ಬಾಯಿಗೆ ಏನೂ ಹಾಕಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಧಾರವಾಡದ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ತಂಬಿಗೆ ನೀರು, ಒಂದು ತುಣುಕು ಬೆಲ್ಲ. ಮಾತುಕತೆ ಆಮೇಲೆ. ಬಿಸಿಲಲ್ಲಿ ಬಂದವರನ್ನು ನೀರು ಕೊಡದೆ ಕೂರಿಸಿದರೆ ಮನೆಯ ಹಿರಿಯರಿಗೆ ಸಮಾಧಾನವೇ ಇರುವುದಿಲ್ಲ. ಈ ಗುಣ ನನಗೂ ಇದೆ, ನನ್ನ ತಾಯಿಯಿಂದ ಬಂದದ್ದು. ಆದರೂ ಇವತ್ತು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಪೆಟ್ಟು ತಿಂದ ಹಕ್ಕಿಯೋ, ಕಾಡಿನ ಮರಿಯೋ ಕೈಗೆ ಸಿಕ್ಕಾಗ ಈ ಗುಣವನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಿ. ಅದರ ಬಾಯಿಗೆ ಏನೂ ಹಾಕಬೇಡಿ. ನೀರೂ ಬೇಡ.

ನಾನು ಪಶುವೈದ್ಯ. ಆಕಳು, ಎಮ್ಮೆ, ಕುರಿ ನನ್ನ ದಿನದ ಕೆಲಸ. ಆದರೆ ಇಪ್ಪತ್ತು ವರ್ಷಗಳಿಂದ ಜನ ರಟ್ಟಿನ ಡಬ್ಬಿಯಲ್ಲಿ, ಸಂತೆ ಚೀಲದಲ್ಲಿ, ಒಮ್ಮೊಮ್ಮೆ ಹೆಲ್ಮೆಟ್ಟಿನೊಳಗೆ ಗೂಬೆ, ಗಿಡುಗ, ಅಳಿಲು, ಮುಂಗುಸಿ ಮರಿ ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದಾರೆ. ತಂದವರೆಲ್ಲ ಒಳ್ಳೆಯವರು. ಕೆಲಸ ಬಿಟ್ಟು, ಪೆಟ್ರೋಲ್ ಸುಟ್ಟುಕೊಂಡು ಬಂದಿರುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ, "ಏನಾದರೂ ಕುಡಿಸಿದಿರಾ?" ಅವರು ಸಂತೋಷದಿಂದ ಹೇಳುತ್ತಾರೆ, "ಹೂಂ ಡಾಕ್ಟ್ರೇ, ಬಾಯಿ ಬಿಡಿಸಿ ಹನಿ ಹನಿಯಾಗಿ ಹಾಕಿದ್ವಿ." ಅಷ್ಟು ಕೇಳಿದರೆ ಸಾಕು, ನನ್ನ ಎದೆ ಧಸಕ್ಕೆನ್ನುತ್ತದೆ.

ಕಾರಣ ಸರಳ. ಹಕ್ಕಿಯ ಕೊಕ್ಕು ಬಿಡಿಸಿ ನೋಡಿದರೆ ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ಕಾಣುತ್ತದೆ. ಅದು ಉಸಿರಿನ ಬಾಗಿಲು. ಉಸಿರಾಡಿದ ಹಾಗೆ ತೆರೆಯುತ್ತದೆ, ಮುಚ್ಚುತ್ತದೆ. ಗಟ್ಟಿಮುಟ್ಟಾದ ಹಕ್ಕಿ ನೀರು ಕುಡಿಯುವಾಗ ಆ ಬಾಗಿಲನ್ನು ತಾನೇ ಹಾಕಿಕೊಳ್ಳುತ್ತದೆ. ಪೆಟ್ಟು ತಿಂದು ಹೆದರಿ ನಡುಗುತ್ತಿರುವ ಹಕ್ಕಿಗೆ ಅಷ್ಟು ತ್ರಾಣ ಎಲ್ಲಿರುತ್ತದೆ? ನಾವು ಹಾಕಿದ ಹನಿ ನೇರ ಪುಪ್ಪುಸಕ್ಕೆ ಇಳಿಯುತ್ತದೆ. ಒಂದು ಚಮಚ ಸಾಕು. ಹಾಲಾದರೆ ಇನ್ನೂ ಕೆಟ್ಟದ್ದು, ಹಕ್ಕಿಗೆ ಆಕಳ ಹಾಲು ಅರಗುವುದೇ ಇಲ್ಲ. ಗೂಬೆಯ ನೀರಿನ ಚಿಂತೆಯಂತೂ ನೀವು ಮಾಡಲೇಬೇಡಿ. ಅದಕ್ಕೆ ಬೇಕಾದ ನೀರಿನ ಬಹುಪಾಲು ಅದು ನುಂಗುವ ಇಲಿಯಲ್ಲೇ ಇರುತ್ತದೆ.

ಹಾಗಾದರೆ ಏನು ಮಾಡಬೇಕು? ಒಂದು ರಟ್ಟಿನ ಡಬ್ಬಿ ತಗೊಳ್ಳಿ. ಗಾಳಿ ಆಡಲು ನಾಲ್ಕು ತೂತು ಮಾಡಿ. ತಳಕ್ಕೆ ಹಳೇ ಧೋತರದ ತುಂಡು ಹಾಸಿ. ಹಕ್ಕಿಯ ಮೇಲೆ ಟವೆಲ್ ಹಾಕಿ ಮೆಲ್ಲಗೆ ಎತ್ತಿ ಒಳಗಿಡಿ. ಗೂಬೆಯಾದರೆ ಅದರ ಉಗುರಿನ ಕಡೆ ಗಮನ ಇರಲಿ. ಕೊಕ್ಕಿಗಿಂತ ಅದರ ಕಾಲೇ ಜಾಸ್ತಿ ಗಾಯ ಮಾಡುತ್ತದೆ. ಡಬ್ಬಿ ಮುಚ್ಚಿ, ಕತ್ತಲೆ ಇರುವ, ಸದ್ದಿಲ್ಲದ ಕೋಣೆಯಲ್ಲಿಡಿ. ಬೆಕ್ಕು, ನಾಯಿ, ಮಕ್ಕಳು ದೂರ. ಆಮೇಲೆ 1926ಕ್ಕೆ ಫೋನ್ ಮಾಡಿ. ಅದು ಅರಣ್ಯ ಇಲಾಖೆಯ ಸಹಾಯವಾಣಿ. ಒಂದು, ಒಂಬತ್ತು, ಎರಡು, ಆರು. ಬರೆದುಕೊಂಡಿರಿ ತಾನೆ? ಇಷ್ಟೇ. ಮಧ್ಯೆ ಮಧ್ಯೆ ಡಬ್ಬಿ ತೆಗೆದು ಇಣುಕುವುದು, ಫೋಟೊ ತೆಗೆಯುವುದು, ಪಕ್ಕದ ಮನೆಯವರಿಗೆ ತೋರಿಸುವುದು, ಇವೆಲ್ಲ ದಯವಿಟ್ಟು ಬೇಡ. ನಮಗೆ ನೋಡುವ ಆಸೆ. ಅದಕ್ಕೆ ಪ್ರತಿ ಸಲವೂ ಸಾವೇ ಬಂದು ಮುಖ ತೋರಿಸಿದ ಹಾಗೆ.

ಈಗ ಒಂದು ಮನೆಯ ಕಥೆ ಹೇಳಬೇಕು. ಧಾರವಾಡದಿಂದ ಬಹಳ ದೂರವಿಲ್ಲದ ಒಂದು ಹಳ್ಳಿ. ಬನ್ನಿ ಹಬ್ಬ ಮುಗಿದು ಎರಡು ವಾರ ಆಗಿತ್ತು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಫೋನ್ ಮಾಡಿದ. "ಸರ್, ಅಟ್ಟದ ಮೇಲೆ ಹತ್ತು ದಿನದಿಂದ ರಾತ್ರಿ ಹಾವು ಬುಸುಗುಡ್ತಿತ್ತು. ಹಾವು ಹಿಡಿಯೋರನ್ನ ಕರೆಸಿದ್ವಿ. ಹಾವಿಲ್ಲ, ಗೂಬೆ ಮರಿ ಇದಾವೆ. ಐದು."

ಕಣಜದ ಗೂಬೆಯ ಮರಿಗಳು ಹಾಗೇ. ಹಸಿದಾಗ ಗೂಕ್ ಗೂಕ್ ಅನ್ನುವುದಿಲ್ಲ, ಬುಸ್ ಅನ್ನುತ್ತವೆ. ಕತ್ತಲಲ್ಲಿ ಕೇಳಿದರೆ ಎಂಥವರೂ ಹಾವು ಅಂತಲೇ ತಿಳಿಯುತ್ತಾರೆ. ಆ ಮನೆಯವರಿಗೆ ಹಾವು ಇದ್ದಿದ್ದರೇ ವಾಸಿಯಾಗಿತ್ತು. ಗೂಬೆ ಹೊಕ್ಕ ಮನೆಯಲ್ಲಿ ಇರಬಾರದು, ಬೀಗ ಹಾಕಿ ಮೂರು ತಿಂಗಳು ಬೇರೆ ಕಡೆ ಇರಬೇಕು ಅಂತ ಓಣಿಯವರೆಲ್ಲ ಹೇಳಿಬಿಟ್ಟಿದ್ದರು. ಸಾಮಾನು ಕಟ್ಟುವ ಮಾತು ನಡೆದಿತ್ತು. ಅಟ್ಟದ ಮೇಲೆ ಜನ ಹತ್ತಿಳಿದ ಗಲಾಟೆಯಲ್ಲಿ ಎರಡು ಮರಿ ಕೆಳಗೆ ಪಡಸಾಲೆಗೆ ಬಿದ್ದಿದ್ದವು.

ನಾನು ಹೋದಾಗ ಮನೆಯ ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದರು. ಮಡಿಲಲ್ಲಿ ಒಂದು ಮರಿ. ಮೈಯೆಲ್ಲ ಅರಳೆಯಂಥ ಬಿಳಿ ತುಪ್ಪಟ. ಅದರ ಮೂಗಿನ ತೂತಿನಲ್ಲಿ ಸಣ್ಣ ಬಿಳಿ ಗುಳ್ಳೆ ಒಣಗಿತ್ತು. ಸತ್ತು ಒಂದು ಗಂಟೆಯಾದರೂ ಆಗಿರಬೇಕು. ಪಕ್ಕದಲ್ಲಿ ಹಾಲಿನ ಬಟ್ಟಲು, ಅದರಲ್ಲಿ ಅದ್ದಿದ ಹತ್ತಿಯ ಬತ್ತಿ. ಇಡೀ ಓಣಿ ಅಪಶಕುನ ಅಂದ ಹಕ್ಕಿಯನ್ನು ಆ ಅಜ್ಜಿ ಕೂಸಿನ ಹಾಗೆ ಮಡಿಲಲ್ಲಿ ಹಾಕಿಕೊಂಡಿದ್ದರು. ನನ್ನ ಮುಖ ನೋಡಿ ಕೇಳಿದರು, "ಒಂದ್ ಚಮಚಾನೂ ಕುಡೀಲಿಲ್ಲರಿ. ಕೂಸು ಹಸದಿತ್ತು. ನಾ ಏನ್ ತಪ್ಪ ಮಾಡಿದೆ?"

ಏನು ಹೇಳಲಿ? ತಪ್ಪಿಲ್ಲ ಅಜ್ಜಿ, ಗೊತ್ತಿರಲಿಲ್ಲ ಅಷ್ಟೇ, ಅಂದೆ. ನಾನು ಇವತ್ತು ಇಲ್ಲಿ ಕೂತು ಮಾತಾಡುತ್ತಿರುವುದು ಆ ಅಜ್ಜಿಯ ಮುಖ ಇನ್ನೂ ಕಣ್ಣಮುಂದೆ ಇರುವುದರಿಂದ. ಪ್ರೀತಿಗೆ ಅಲ್ಲಿ ಏನೂ ಕೊರತೆ ಇರಲಿಲ್ಲ. ಬಾಯಿಗೆ ಏನೂ ಹಾಕಬಾರದು ಅಂತ ಒಬ್ಬರು ಮೊದಲೇ ಹೇಳಿದ್ದರೆ ಸಾಕಿತ್ತು.

ಇನ್ನೊಂದು ಮರಿ ರೊಟ್ಟಿ ಬುಟ್ಟಿಯ ಕೆಳಗೆ ಬದುಕಿತ್ತು. ನನ್ನನ್ನು ಕಂಡು ತಲೆ ತಗ್ಗಿಸಿ, ಅತ್ತಿತ್ತ ತೂಗಿ, ನಾಲಿಗೆಯಿಂದ ಟಕ್ ಟಕ್ ಸದ್ದು ಮಾಡಿತು. ಹೆದರಿಸುವ ಪ್ರಯತ್ನ. ಎಷ್ಟು ಧೈರ್ಯ ಅಂತೀರಿ! ಮೂಳೆ ಮುರಿದಿರಲಿಲ್ಲ. ಅದನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಆಮೇಲೆ ಅಟ್ಟ ಹತ್ತಿದೆ. ಮೂಲೆಯಲ್ಲಿ ಮೂರು ಮರಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಮೂರೂ ಮೂರು ಅಳತೆ. ತಾಯಿ ಮೊದಲ ಮೊಟ್ಟೆ ಇಟ್ಟ ದಿನದಿಂದಲೇ ಕಾವಿಗೆ ಕೂರುತ್ತದೆ, ಹಾಗಾಗಿ ಮರಿಗಳೂ ಒಂದರ ಹಿಂದೆ ಒಂದು ಹೊರಬರುತ್ತವೆ. ದೊಡ್ಡದರ ಮುಖ ಆಗಲೇ ವೀಳ್ಯದೆಲೆಯ ಆಕಾರಕ್ಕೆ ಬಂದಿತ್ತು. ಆ ಮುಖವೇ ಅದರ ಕಿವಿ ಅನ್ನಬೇಕು. ನಾವು ಸರಿಯಾಗಿ ಕೇಳಿಸದಾಗ ಕಿವಿಯ ಹಿಂದೆ ಕೈ ಹಿಡಿಯುತ್ತೇವಲ್ಲ, ಹಾಗೆ ಆ ಎಲೆಯಂಥ ಮುಖ ಸದ್ದನ್ನು ಹಿಡಿದು ಕಿವಿಗೆ ಕೊಡುತ್ತದೆ. ಒಂದು ಕಿವಿ ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ಅದರಿಂದಲೇ ಕಗ್ಗತ್ತಲಲ್ಲಿ ಹುಲ್ಲಿನೊಳಗೆ ಇಲಿ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುತ್ತದೆ. ಕಣ್ಣು ನಮ್ಮ ಹಾಗೆ ಹೊರಳುವುದಿಲ್ಲ, ತಲೆಬುರುಡೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದಕ್ಕೇ ಕತ್ತು ಅಷ್ಟು ತಿರುಗುವುದು, 270 ಡಿಗ್ರಿಯವರೆಗೆ. ನಮ್ಮ ಕತ್ತಿನಲ್ಲಿ 7 ಎಲುಬು, ಗೂಬೆಯ ಕತ್ತಿನಲ್ಲಿ 14.

ಮರಿಗಳ ಸುತ್ತ ನೆಲದ ಮೇಲೆ ಕಪ್ಪು ಉಂಡೆಗಳು ಬಿದ್ದಿದ್ದವು, ಹೆಬ್ಬೆರಳಿನಷ್ಟು ದಪ್ಪ. ನಾಲ್ಕು ಉಂಡೆ ಆರಿಸಿಕೊಂಡು ಕೆಳಗೆ ಬಂದು ಪಡಸಾಲೆಯಲ್ಲಿ ಹಳೇ ಪೇಪರ್ ಹಾಸಿದೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಅರಗದ ಕೂದಲು, ಎಲುಬನ್ನು ಉಂಡೆ ಕಟ್ಟಿ ಬಾಯಿಂದ ಹೊರಗೆ ಹಾಕುತ್ತದೆ. ಒಂದು ಉಂಡೆಯನ್ನು ನೀರಿನಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದೆ. ಕೂದಲ ನಡುವಿನಿಂದ ಒಂದು ತಲೆಬುರುಡೆ ಬಂತು. ಆಮೇಲೆ ಇನ್ನೊಂದು. ಆಮೇಲೆ ಮೂರನೆಯದು. ಅಜ್ಜಿ ಕಣ್ಣಿಗೆ ಕನ್ನಡಕ ಏರಿಸಿ ಹತ್ತಿರ ಬಂದರು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ದವಡೆಯನ್ನು ಅಂಗೈಮೇಲೆ ಇಟ್ಟುಕೊಂಡು ನೋಡಿದರು. ಮುಂದಿನ ಹಲ್ಲು ಅರಿಶಿನ ಬಣ್ಣ.

"ಇದು ಹಗೇವಿಗೆ ತೂತು ಕೊರಿಯೂ ಇಲಿನಾ ಏನ್ರಿ?"

"ಅದೇ ಜಾತಿ ಅಜ್ಜಿ. ಒಂದು ಉಂಡೆಗೆ ಮೂರು. ಅಟ್ಟದ ಮೇಲೆ ಎಷ್ಟು ಉಂಡೆ ಇವೆ ನೀವೇ ನೋಡಿ."

ಅಜ್ಜಿ ಎಣಿಸಲಿಕ್ಕೆ ಮೊಮ್ಮಗನನ್ನೇ ಹತ್ತಿಸಿದರು. ಅವನು ಎಂಬತ್ತರ ತನಕ ಎಣಿಸಿ ಬಿಟ್ಟ. ಆ ಮೇಲೆ ನಾನು ಇನ್ನೊಂದು ಮಾತು ಹೇಳಿದೆ. ಬೆಳಗಿನ ಜಾವ ಬುಡಬುಡಿಕೆಯವನು ಬಂದು ಹಾಲಕ್ಕಿ ಶುಭ ನುಡಿದೈತಿ ಅಂದರೆ ನೀವು ಮೊರದ ತುಂಬ ಜೋಳ ಹಾಕುತ್ತೀರಿ. ಆ ಹಾಲಕ್ಕಿಯೂ ಗೂಬೆಯೇ. ಮೈಮೇಲೆ ಬಿಳಿ ಚುಕ್ಕೆ ಇರುವ ಸಣ್ಣ ಗೂಬೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಹಳೇ ಮರಗಳ ಪೊಟರೆಯಲ್ಲಿ ಸಂಜೆ ತಲೆ ಹೊರಗೆ ಹಾಕಿ ಕೂತಿರುತ್ತದೆ. ಚಿಕ್ಕವನ ಮಾತಿಗೆ ಕಾಳು ಕೊಟ್ಟು ದೊಡ್ಡವನು ಮನೆಗೆ ಬಂದರೆ ಮನೆ ಬಿಡುವುದು ಯಾವ ನ್ಯಾಯ?

ಸೂರ್ಯ ಮುಳುಗಿತು. ಬಿದ್ದ ಮರಿಯನ್ನು ಮತ್ತೆ ಅಟ್ಟದ ಮೇಲೆ ಅದರ ಒಡಹುಟ್ಟಿದವರ ಪಕ್ಕ ಬಿಟ್ಟೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಿಕೊಳ್ಳುವುದಿಲ್ಲ ಅಂತಾರೆ. ಅದು ಸುಳ್ಳು, ಹಕ್ಕಿಗಳು ಹಾಗೆ ಮಾಡುವುದಿಲ್ಲ. ಎಲ್ಲರೂ ಅಂಗಳದಲ್ಲಿ ಕೂತೆವು. ಲೈಟು ಆರಿಸಿದೆವು. ಟೀವಿ ಬಂದ್ ಮಾಡಿಸಿದ್ದು ಅಜ್ಜಿ. ಏಳೂಕಾಲು ಗಂಟೆಗೆ ಬೆಳಕಿಂಡಿಯ ಹತ್ತಿರ ಏನೋ ಬಿಳಿಯದು ಬಂದು ನಿಂತಿತು. ಬಂದದ್ದು ಯಾರಿಗೂ ಕೇಳಿಸಲಿಲ್ಲ. ಗೂಬೆಯ ರೆಕ್ಕೆಯ ಅಂಚಿಗೆ ಬಾಚಣಿಗೆ ಹಲ್ಲಿನಂಥ ಗರಿಯಿರುತ್ತದೆ, ಗಾಳಿ ಅಲ್ಲಿ ಹರಿದು ಹಂಚಿಹೋಗುತ್ತದೆ, ಸದ್ದು ಹುಟ್ಟುವುದಿಲ್ಲ. ಕೊಕ್ಕಿನಿಂದ ಇಲಿಯ ಬಾಲ ಜೋತಾಡುತ್ತಿತ್ತು. ಒಳಗೆ ಬುಸ್ ಬುಸ್ ಶುರುವಾಯಿತು. ಒಂಬತ್ತು ಗಂಟೆಯೊಳಗೆ ಐದು ಸಲ ಬಂತು, ಐದೂ ಸಲ ಇಲಿ. ಅಜ್ಜಿ ಪ್ರತಿ ಸಲವೂ ಒಂದು ಬೆರಳು ಮಡಚಿದರು. ಆ ಮನೆಗೆ ಬೀಗ ಬೀಳಲಿಲ್ಲ. ಮೂರು ವಾರದ ಮೇಲೆ ನಾಲ್ಕೂ ಮರಿಗಳು ಹಿತ್ತಲ ಗೋಡೆಯ ಮೇಲೆ ರೆಕ್ಕೆ ಬಡಿಯುತ್ತಿದ್ದ ಸುದ್ದಿ ಹುಡುಗ ಕೊಟ್ಟ.

ಕಥೆ ಉದ್ದವಾಯಿತು. ಕೊಟ್ಟ ಸಮಯದಲ್ಲಿ ಸ್ವಲ್ಪವೇ ಉಳಿದಿದೆ, ಬೇಗ ಬೇಗ ಹೇಳುತ್ತೇನೆ.

ಮರದ ಕೆಳಗೆ ಗೂಬೆ ಮರಿ ಕೂತಿದ್ದರೆ ಅದು ಅನಾಥ ಅಂದುಕೊಳ್ಳಬೇಡಿ. ಹಾರಲು ಬರುವ ಮೊದಲೇ ಅವು ಗೂಡು ಬಿಟ್ಟು ಕೊಂಬೆ ಕೊಂಬೆ ಓಡಾಡುತ್ತವೆ, ಜಾರಿ ಬೀಳುತ್ತವೆ. ಗಾಯ ಇಲ್ಲದಿದ್ದರೆ ಎತ್ತಿ ಹತ್ತಿರದ ಕೊಂಬೆಯ ಮೇಲೆ ಕೂರಿಸಿ ದೂರ ಸರಿಯಿರಿ. ತಂದೆತಾಯಿ ರಾತ್ರಿ ಬರುತ್ತವೆ. ಮನೆಯಲ್ಲಿ ಸಾಕಿದರೆ ಅದು ಮನುಷ್ಯರನ್ನೇ ತನ್ನವರು ಅಂದುಕೊಳ್ಳುತ್ತದೆ, ಮತ್ತೆ ಕಾಡಿಗೆ ಬಿಡಲು ಬರುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಗೂಬೆ ಸಾಕುವುದು, ಮಾರುವುದು ಅಪರಾಧ ಕೂಡ. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದಾಗ ಯಾರಾದರೂ ಗೂಬೆ ಮಾರುವುದು ಕಂಡರೆ ಅದೇ 1926ಕ್ಕೆ ಹೇಳಿ.

ರಾಣೆಬೆನ್ನೂರು ಕಡೆಯವರಿಗೆ, ಗದಗಿನ ಎರೆಹೊಲದವರಿಗೆ ಒಂದು ಮಾತು. ಹೊಲದಲ್ಲಿ ಚಿಗರಿ ಮರಿ ಒಂಟಿಯಾಗಿ ಮುದುಡಿ ಮಲಗಿದ್ದರೆ ತಾಯಿಯೇ ಬಚ್ಚಿಟ್ಟು ಮೇಯಲು ಹೋಗಿದೆ. ಎತ್ತಬೇಡಿ, ಹಾಲು ಕುಡಿಸಬೇಡಿ. ಕಬ್ಬು ಕಡಿಯುವಾಗ ಬೆಕ್ಕಿನಂಥ ಮರಿಗಳು ಸಿಕ್ಕರೆ ಚಿರತೆ ಮರಿ ಅಂತ ಗಾಬರಿ ಬೇಡ. ಹೆಚ್ಚಾಗಿ ಕಾಡುಬೆಕ್ಕಿನವು. ಆ ಮೂಲೆ ಬಿಟ್ಟು ಕಡಿಯಿರಿ, ಕತ್ತಲಾದ ಮೇಲೆ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಆಷಾಢದ ಗಾಳಿಗೆ ಗಾಳಿಪಟದ ಮಾಂಜಾ ರೆಕ್ಕೆಗೆ ಸುತ್ತಿದರೆ ಎಳೆಯಬೇಡಿ. ಎರಡೂ ಕಡೆ ದಾರ ಕತ್ತರಿಸಿ, ಸುತ್ತಿದ್ದನ್ನು ಹಾಗೇ ಬಿಟ್ಟು ಡಬ್ಬಿಗೆ ಹಾಕಿ. ಹಾವಾದರೆ ದೂರ ನಿಂತು ಕಣ್ಣಿಟ್ಟಿರಿ, ಬಲ್ಲವರು ಬರುವ ತನಕ. ಇಲಿ ಪಾಷಾಣದ ಬಗ್ಗೆ ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ದಿನಗಟ್ಟಲೆ ತೂರಾಡುತ್ತದೆ. ಅದನ್ನು ಹಿಡಿಯುವುದು ಸುಲಭ, ಗೂಬೆ ಹಿಡಿಯುತ್ತದೆ, ಮರಿಗೂ ಕೊಡುತ್ತದೆ. ಬೋನು ಇಡಿ.

ಇನ್ನು ಒಂದೇ ಒಂದು. ಹಕ್ಕಿ ಎಲ್ಲಿ ಸಿಕ್ಕಿತು ಅಂತ ಕೇಳಿದರೆ ಜನ ಹುಬ್ಬಳ್ಳಿ ರಸ್ತೆಯಲ್ಲಿ ಅಂದುಬಿಡುತ್ತಾರೆ. ಅಷ್ಟು ಸಾಲದು. ವಾಸಿಯಾದ ಮೇಲೆ ಅದನ್ನು ಅದೇ ಜಾಗದಲ್ಲಿ ಬಿಡಬೇಕು. ಅದರ ಪೊಟರೆ ಅಲ್ಲಿದೆ, ಜೋಡಿ ಅಲ್ಲಿ ಕಾಯುತ್ತಿರುತ್ತದೆ. ಹಾಗಾಗಿ ಒಂದು ಚೀಟಿ ಬರೆದು ಡಬ್ಬಿಯ ಮೇಲೆ ಅಂಟಿಸಿ. ಯಾವ ಊರು, ಯಾವ ಓಣಿ, ಯಾವ ಮರದ ಕೆಳಗೆ, ಎಷ್ಟು ಗಂಟೆಗೆ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಇನ್ನೊಂದು ಸಾಲು ಬರೆಯಿರಿ: ಏನೂ ಕುಡಿಸಿಲ್ಲ.

ನಮಸ್ಕಾರ.