ಕಣ್ಣಿಗೆ ಕಾಣದ ಚುಕ್ಕೆಗೆ ದುಡ್ಡು ಯಾಕೆ?

ಕೇಳುಗ ಬಂಧುಗಳಿಗೆಲ್ಲ ನಮಸ್ಕಾರ.

ನಮ್ಮ ಅಜ್ಜಿಯರ ಕಾಲದಲ್ಲಿ ನಿಶ್ಚಿತಾರ್ಥ ಅಂದರೆ ತಾಂಬೂಲ ಬದಲಾಯಿಸುವುದು. ವಜ್ರ ಅಂದರೆ ಮೂಗುಬೊಟ್ಟು, ಬೆಂಡೋಲೆ. ಅದೂ ಇದ್ದವರ ಮನೆಯಲ್ಲಿ. ಈಗ ಹಾಗಲ್ಲ. ಮುಂಬೈಯ ಮಾಟುಂಗಾ ಇರಲಿ, ಆಚೆಯ ಡೊಂಬಿವಿಲಿ ಇರಲಿ, ನಿಶ್ಚಿತಾರ್ಥಕ್ಕೆ ಉಂಗುರ ಬೇಕು, ಹುಡುಗಿಯ ಉಂಗುರದಲ್ಲಿ ಒಂದಾದರೂ ವಜ್ರ ಇರಬೇಕು. ತುಂಬಾ ಸಂತೋಷ. ಆದರೆ ಆ ಒಂದು ಹರಳು ಆರಿಸುವ ಹೊತ್ತಿಗೆ ಮನೆಮಂದಿಯೆಲ್ಲ ಸುಸ್ತಾಗಿರುತ್ತಾರೆ. ಅಂಗಡಿಯವರು ವಿವಿಎಸ್, ವಿಎಸ್, ಎಸ್‌ಐ ಅಂತ ಅಕ್ಷರಗಳ ಮಳೆ ಸುರಿಸುತ್ತಾರೆ. ನಾವು ತಲೆಯಾಡಿಸಿ, ಕೊನೆಗೆ ಯಾವುದು ದುಬಾರಿಯೋ ಅದೇ ಒಳ್ಳೆಯದು ಅಂತ ತಂದುಬಿಡುತ್ತೇವೆ.

ನಾನು 28 ವರ್ಷ ವಜ್ರ ವಿಂಗಡಿಸುವ ಕೆಲಸ ಮಾಡಿದವಳು. ಮೊದಲು ಆಪೇರಾ ಹೌಸ್ ಬಜಾರಿನಲ್ಲಿ, ಪಂಚರತ್ನ ಕಟ್ಟಡದ ಪಕ್ಕದ ಗಲ್ಲಿಯಲ್ಲಿ. 2010ರಲ್ಲಿ ಭಾರತ್ ಡೈಮಂಡ್ ಬೋರ್ಸ್ ಅನ್ನುವ ವಜ್ರದ ದೊಡ್ಡ ಬಜಾರು ಶುರುವಾದ ಮೇಲೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಮುಂದೆ ಬಿಳಿ ಕಾಗದ, ಒಂದು ಕೈಯಲ್ಲಿ ಚಿಮಟ, ಇನ್ನೊಂದು ಕೈಯಲ್ಲಿ ಐಗ್ಲಾಸ್. ಐಗ್ಲಾಸ್ ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಮಸೂರ. ಅಷ್ಟು ವರ್ಷ ಅದರೊಳಗೆ ಕಣ್ಣಿಟ್ಟವಳು ನಿಮಗೆ ಇವತ್ತು ಹೇಳಬೇಕಾದ ಮಾತು ಒಂದೇ. ಕಣ್ಣಿಗೆ ಕಾಣದ್ದಕ್ಕೆ ದುಡ್ಡು ಕೊಡಬೇಡಿ.

ಆ ಅಕ್ಷರಗಳೆಲ್ಲ ವಜ್ರದೊಳಗಿನ ಚುಕ್ಕೆಯ ಲೆಕ್ಕ. ಮೊದಲು ಈ ಚುಕ್ಕೆ ಎಲ್ಲಿಂದ ಬರುತ್ತದೆ ಅಂತ ನೋಡೋಣ. ವಜ್ರ ಅಂದರೆ ಇಂಗಾಲ. ನಮ್ಮ ಪೆನ್ಸಿಲ್ಲಿನ ಕಡ್ಡಿಯಲ್ಲಿ ಇರುವುದೂ ಇದೇ ಇಂಗಾಲ. ಭೂಮಿಯೊಳಗೆ ಸುಮಾರು 150 ಕಿಲೋಮೀಟರ್ ಆಳದಲ್ಲಿ, ವಿಪರೀತ ಬಿಸಿ, ವಿಪರೀತ ಒತ್ತಡದಲ್ಲಿ ಅದು ಗಟ್ಟಿಯಾಗಿ ಹರಳಾಗುತ್ತದೆ. ಹರಳು ಬೆಳೆಯುವಾಗ ಪಕ್ಕದಲ್ಲಿದ್ದ ಬೇರೆ ಖನಿಜದ ಚೂರು ಒಳಗೆ ಸಿಕ್ಕಿಕೊಳ್ಳುತ್ತದೆ. ಕೆಲವೊಮ್ಮೆ ಒಳಗೇ ಸಣ್ಣ ಬಿರುಕು ಬೀಳುತ್ತದೆ. ಚೂರಾದರೆ ನಾವು ಕ್ರಿಸ್ಟಲ್ ಅನ್ನುತ್ತೇವೆ. ಬಿರುಕು ಹಕ್ಕಿಯ ಗರಿಯ ಹಾಗೆ ಕಾಣುವುದರಿಂದ ಅದಕ್ಕೆ ಫೆದರ್ ಅಂತ ಹೆಸರು. ಸೂಜಿಮೊನೆಯಷ್ಟು ಚುಕ್ಕೆಗಳು ಗುಂಪಾಗಿ ಸೇರಿದರೆ ಕ್ಲೌಡ್, ಅಂದರೆ ಮೋಡ. ಇವು ಎಷ್ಟು ದೊಡ್ಡವು, ಎಷ್ಟಿವೆ, ಎಲ್ಲಿವೆ, ಎಷ್ಟು ಎದ್ದು ಕಾಣುತ್ತವೆ, ಯಾವ ಜಾತಿಯವು, ಇಷ್ಟು ನೋಡಿ ಹರಳಿಗೆ ಒಂದು ದರ್ಜೆ ಕೊಡುತ್ತಾರೆ. ಇದನ್ನೇ ಕ್ಲಾರಿಟಿ ಅನ್ನುವುದು.

ಈಗ ಎಲ್ಲರೂ ಹೇಳುವ ಅಕ್ಷರಗಳು ಅಮೆರಿಕದ ಜಿಐಎ ಸಂಸ್ಥೆ 1953ರಲ್ಲಿ ತಂದ ಪದ್ಧತಿಯವು. ಒಟ್ಟು 11 ದರ್ಜೆ. ಎಲ್ಲಕ್ಕಿಂತ ಮೇಲೆ, ಒಳಗೆ ಚುಕ್ಕೆಯೇ ಸಿಗದ ಎಫ್‌ಎಲ್, ಐಎಫ್. ಆಮೇಲೆ ವಿವಿಎಸ್ 1, ವಿವಿಎಸ್ 2. ಆಮೇಲೆ ವಿಎಸ್ 1, ವಿಎಸ್ 2. ಆಮೇಲೆ ಎಸ್‌ಐ 1, ಎಸ್‌ಐ 2. ಕೊನೆಯಲ್ಲಿ, ಚುಕ್ಕೆ ಎದ್ದು ಕಾಣುವ ಐ 1, ಐ 2, ಐ 3. ಇದನ್ನೆಲ್ಲ ಬಾಯಿಪಾಠ ಮಾಡುವುದು ಬೇಡ. ಈ ಒಂದು ವಿಷಯ ಮಾತ್ರ ಮರೆಯಬೇಡಿ. ಈ ದರ್ಜೆ ಕೊಡುವುದು ಬರಿಗಣ್ಣಿನಲ್ಲಿ ನೋಡಿ ಅಲ್ಲ, ಹತ್ತು ಪಟ್ಟು ದೊಡ್ಡದು ಮಾಡಿ ನೋಡಿ. ವಿವಿಎಸ್ ಹರಳಿನ ಚುಕ್ಕೆ ಹುಡುಕಲು ಪಳಗಿದ ಕಣ್ಣಿಗೂ ಸಾಕೋ ಸಾಕಾಗುತ್ತದೆ. ನಾನೇ ಎಷ್ಟೋ ಸಲ ಒಂದು ಹರಳನ್ನು ತಿರುಗಿಸಿ ತಿರುಗಿಸಿ ನೋಡಿ, ಚುಕ್ಕೆ ಸಿಗದೆ, ಒಂದು ಲೋಟ ಚಹಾ ಕುಡಿದು ಬಂದು ಮತ್ತೆ ಹುಡುಕಿದ್ದುಂಟು. ಆ ಚುಕ್ಕೆಯನ್ನು ನಿಮ್ಮ ಅತ್ತಿಗೆ ನೋಡುತ್ತಾರಾ? ಮದುವೆಗೆ ಬಂದ ನೆಂಟರು ಐಗ್ಲಾಸ್ ಹಿಡಿದುಕೊಂಡು ಬರುತ್ತಾರಾ? ಇಲ್ಲ ಅಲ್ವಾ. ಹಾಗಾದರೆ ಅದು ಇಲ್ಲ ಅನ್ನುವುದಕ್ಕೆ ಅಷ್ಟೊಂದು ದುಡ್ಡು ಯಾಕೆ?

ನಮ್ಮವರ ಕಷ್ಟ ನನಗೆ ಗೊತ್ತು. ನಮ್ಮ ಭಾಷೆಯಲ್ಲಿ ಇದಕ್ಕೆ ಇರುವ ಪದ ದೋಷ. ರತ್ನಪರೀಕ್ಷೆಯ ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಬಿಂದು, ರೇಖೆ, ಕಾಕಪಾದ ಅಂತ ವಜ್ರದ ದೋಷಗಳ ಪಟ್ಟಿಯೇ ಇದೆ. ಕಾಕಪಾದ ಅಂದರೆ ಕಾಗೆಯ ಹೆಜ್ಜೆ. ದೋಷ ಅಂದ ಕೂಡಲೇ ಮನೆಯ ಹಿರಿಯರ ಎದೆ ಧಸಕ್ ಅನ್ನುತ್ತದೆ. ನಾನು ದೋಷ ಅನ್ನುವ ಪದವನ್ನೇ ಬಿಟ್ಟಿದ್ದೇನೆ. ಗುರುತು ಅನ್ನುತ್ತೇನೆ. ಯಾಕೆ ಅಂತ ಒಂದು ಮನೆಯ ಕಥೆ ಹೇಳುತ್ತೇನೆ, ಕೇಳಿ.

ಮಾಟುಂಗಾದಲ್ಲಿ ನಮ್ಮ ಕಟ್ಟಡದಲ್ಲೇ, ಎರಡನೇ ಮಾಳಿಗೆಯಲ್ಲಿ ಒಬ್ಬರು ರಾಯರಿದ್ದಾರೆ. ಉಡುಪಿ ಕಡೆಯವರು. ಮಗನಿಗೆ ಪುಣೆಯ ಹುಡುಗಿ ಗೊತ್ತಾಯಿತು. ಒಂದು ದಿನ ರಾತ್ರಿ ಊಟದ ಹೊತ್ತಿಗೆ ರಾಯರು, ಅವರ ಮನೆಯವರು, ಮಗ, ಮೂವರೂ ನಮ್ಮ ಮನೆಗೆ ಬಂದರು. ಹುಡುಗನ ಮುಖ ಬಾಡಿತ್ತು. "ಆಂಟಿ, ನೀವಾದರೂ ಹೇಳಿ" ಅಂದ. ಅಂಗಡಿಯಲ್ಲಿ ಅರ್ಧ ಕ್ಯಾರೆಟ್ಟಿನ ವಿವಿಎಸ್ 1 ಹರಳು ತೋರಿಸಿದ್ದರು. ಅದಕ್ಕಿಂತ ಕೆಳಗಿನದು ನಿಶ್ಚಿತಾರ್ಥಕ್ಕೆ ಶೋಭೆಯಲ್ಲ ಅಂತ ಅಂಗಡಿಯವರು ಹೇಳಿದ್ದು ರಾಯರ ತಲೆಯಲ್ಲಿ ಕೂತಿತ್ತು. ಹುಡುಗನ ಉಳಿತಾಯವೆಲ್ಲ ಅದಕ್ಕೇ ಹೋಗುತ್ತಿತ್ತು. ಹಾಲ್‌ನ ಬಾಡಿಗೆ ಇನ್ನೂ ಕಟ್ಟಿರಲಿಲ್ಲ. ರಾಯರು ಮಾತ್ರ, "ಅಕ್ಕ, ದೋಷ ಇರುವ ಹರಳು ನಮ್ಮ ಮನೆಗೆ ಬೇಡ" ಅಂತ ಗಟ್ಟಿಯಾಗಿ ಹೇಳಿಬಿಟ್ಟರು.

ನಾನು ವಾದ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ಬನ್ನಿ, ಹುಡುಗಿಯನ್ನೂ ಕರೆಸಿ ಅಂದೆ. ಶನಿವಾರ ಬಜಾರಿನಲ್ಲಿ ಪರಿಚಯದ ದಲಾಲರ ಹತ್ತಿರ ಮೂರು ಹರಳು ಜಾಂಗಡ್ ಮೇಲೆ ತಂದೆ. ಜಾಂಗಡ್ ಅಂದರೆ, ನೋಡಿ ಬೇಕಾದರೆ ಇಟ್ಟುಕೊಳ್ಳುವುದು, ಬೇಡವಾದರೆ ವಾಪಸ್ ಕೊಡುವುದು. ಚೀಟಿಯಲ್ಲಿ ಒಂದು ಸಹಿ, ಉಳಿದದ್ದು ನಂಬಿಕೆ. ನಮ್ಮ ಬಜಾರು ನಡೆಯುವುದೇ ಹಾಗೆ. ಮೂರೂ ಹರಳು ದುಂಡು, ಮೂರರ ಬಣ್ಣವೂ ಒಂದೇ, ತೂಕ ಅರ್ಧ ಕ್ಯಾರೆಟ್ ಆಸುಪಾಸು. ಅರ್ಧ ಕ್ಯಾರೆಟ್ ಅಂದರೆ ಗ್ರಾಮಿನ ಹತ್ತನೇ ಒಂದು ಪಾಲು, ಅಗಲ 5 ಮಿಲಿಮೀಟರ್ ಚಿಲ್ಲರೆ. ಒಂದು ವಿವಿಎಸ್ 1, ಒಂದು ವಿಎಸ್ 2, ಒಂದು ಎಸ್‌ಐ 1. ಯಾವುದು ಯಾವುದು ಅಂತ ಬಾಯಿ ಬಿಡಲಿಲ್ಲ.

ಹುಡುಗಿ ಬೆಳಗಿನ ಡೆಕ್ಕನ್ ಕ್ವೀನ್ ಹಿಡಿದು ದಾದರಿನಲ್ಲಿ ಇಳಿದು ಬಂದಳು. ಕಿಟಕಿಯ ಹತ್ತಿರ ಸ್ಟೂಲು ಹಾಕಿ, ಬಿಳಿ ಕಾಗದವನ್ನು ಮಡಚಿ ಚಿಕ್ಕ ಕಾಲುವೆಯ ಹಾಗೆ ಮಾಡಿ, ಮೂರೂ ಹರಳನ್ನು ಅದರಲ್ಲಿ ಇಟ್ಟೆ. ಅಂಗಡಿಯ ದೀಪದ ಕೆಳಗೆ ಗಾಜಿನ ಚೂರೂ ಫಳಫಳ ಹೊಳೆಯುತ್ತದೆ, ಅದಕ್ಕೇ ಕಿಟಕಿಯ ಬೆಳಕು. ಒಂದು ಗೇಣು ದೂರದಿಂದ ನೋಡಿ, ಯಾವುದು ಚೆಂದ ಹೇಳಿ ಅಂದೆ. ರಾಯರ ಮನೆಯವರು ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಬಗ್ಗಿದರು. ಕಾಗದ ಸ್ವಲ್ಪ ಅಲ್ಲಾಡಿಸಿದರು. ಮೂರನೆಯದರ ಮೇಲೆ ಬೆರಳಿಟ್ಟು, "ಇದು ನಗುತ್ತಾ ಇದೆ ನೋಡಿ" ಅಂದರು. ಹುಡುಗಿಯೂ ಅದನ್ನೇ ತೋರಿಸಿದಳು. ಹುಡುಗನೂ ಅದನ್ನೇ. ರಾಯರು ಸುಮಾರು ಹೊತ್ತು ನೋಡಿ, ಕೊನೆಗೆ ಅದನ್ನೇ ಆರಿಸಿದರು.

ಅದು ಎಸ್‌ಐ 1.

ವಿವಿಎಸ್ 1 ಹರಳು ಮೊದಲನೆಯದು. ಅದರ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಯಾಕೆ ಅಂದರೆ ಅದರ ಕಟಿಂಗ್ ಸರಿ ಇರಲಿಲ್ಲ. ತೂಕ ಉಳಿಸಿಕೊಳ್ಳಲು ತಳವನ್ನು ಜಾಸ್ತಿ ಆಳ ಬಿಟ್ಟಿದ್ದರು. ಮೇಲಿಂದ ಒಳಗೆ ಹೋದ ಬೆಳಕು ಕಣ್ಣಿಗೆ ವಾಪಸ್ ಬಾರದೆ ಕೆಳಗಿನಿಂದ ಸೋರಿ ಹೋಗುತ್ತಿತ್ತು. ಮೂರನೆಯದರ ಕಟಿಂಗ್ ಅಚ್ಚುಕಟ್ಟು. ದುಂಡು ಹರಳಿಗೆ 57 ಅಥವಾ 58 ಮುಖಗಳಿರುತ್ತವೆ. ಅವುಗಳ ಕೋನ ಸರಿಯಾಗಿದ್ದರೆ ಒಳಗೆ ಹೋದ ಬೆಳಕು ಪುಟಿದು ಮೇಲಕ್ಕೇ ಬರುತ್ತದೆ. ಹೊಳಪು ಅಂದರೆ ಅದೇ. ಹೊಳಪು ಕೊಡುವುದು ಕಟಿಂಗ್, ಕ್ಲಾರಿಟಿ ಅಲ್ಲ. ಈ ಮಾತನ್ನು ನಾನು ಸಾವಿರ ಸಲ ಹೇಳಿದ್ದೇನೆ, ಇನ್ನೂ ಸಾವಿರ ಸಲ ಹೇಳುತ್ತೇನೆ.

ರಾಯರು ಐಗ್ಲಾಸ್ ಕೇಳಿದರು. ಕೊಟ್ಟೆ. ಎಲ್ಲರೂ ಮಾಡುವ ಹಾಗೆ ಮಸೂರವನ್ನು ಹರಳಿನ ಹತ್ತಿರ ಹಿಡಿದು, ಮುಖ ದೂರ ಇಟ್ಟುಕೊಂಡರು. ಹಾಗಲ್ಲ. ಮಸೂರ ಕಣ್ಣಿಗೆ ಅಂಟಿದ ಹಾಗೆ ಇರಬೇಕು, ಹರಳನ್ನು ಒಂದು ಇಂಚಿನಷ್ಟು ಹತ್ತಿರ ತರಬೇಕು. ಹಾಗೆ ನೋಡಿದಾಗ ಅಂಚಿನ ಹತ್ತಿರ ಒಂದು ಚಿರೋಟಿ ರವೆಯ ಕಣದಂಥ ಬಿಳಿ ಚೂರು ಕಂಡಿತು. ರಾಯರು ಹರಳನ್ನು ಕೆಳಗಿಟ್ಟು ಸುಮ್ನೆ ಕೂತರು. ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಆಗ ಹುಡುಗಿ, "ನಾನೂ ನೋಡಲಾ?" ಅಂತ ಕೇಳಿದಳು. ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮಾವನಾಗುವವರ ಕಡೆ ತಿರುಗಿ, "ಮಾವ, ನಾಳೆ ಉಂಗುರ ಸಡಿಲ ಆಯಿತು ಅಂತ ಅಂಗಡಿಗೆ ಕೊಟ್ಟರೆ, ವಾಪಸ್ ಬಂದದ್ದು ನನ್ನದೇ ಹರಳು ಅಂತ ಇದರಿಂದ ಗೊತ್ತಾಗುತ್ತದೆ ಅಲ್ವಾ?" ಅಂದಳು. ನನಗೆ ಆ ಹುಡುಗಿಯನ್ನು ಅಪ್ಪಿಕೊಳ್ಳಬೇಕು ಅನಿಸಿತು. 28 ವರ್ಷದಲ್ಲಿ ಇಷ್ಟು ಸರಿಯಾದ ಮಾತು ನಾನು ಗಿರಾಕಿಗಳ ಬಾಯಲ್ಲಿ ಕೇಳಿರಲಿಲ್ಲ. ಎರಡು ವಜ್ರದ ಒಳಗುರುತು ಒಂದೇ ಥರ ಇರುವುದಿಲ್ಲ. ಹೆಬ್ಬೆಟ್ಟಿನ ಹಾಗೆ.

ರಾಯರು ಒಪ್ಪಿದರು. ಅಕ್ಕಸಾಲಿಗೆ ಹೇಳಿ, ಆ ಚೂರಿನ ಮೇಲೇ ಬರುವ ಹಾಗೆ ಉಂಗುರದಲ್ಲಿ ಹರಳನ್ನು ಹಿಡಿದಿಡುವ ಒಂದು ಹಲ್ಲನ್ನು ಕೂರಿಸಿದೆವು. ಈಗ ಐಗ್ಲಾಸ್ ಹಿಡಿದರೂ ಸಲೀಸಾಗಿ ಕಾಣುವುದಿಲ್ಲ. ಉಳಿದ ದುಡ್ಡಿನಲ್ಲಿ ಹಾಲ್‌ನ ಬಾಡಿಗೆಯೂ ಕಟ್ಟಿ ಆಯಿತು.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

ಅರ್ಧ ಕ್ಯಾರೆಟ್‌ವರೆಗಿನ ದುಂಡು ಹರಳಿಗೆ ಎಸ್‌ಐ 1 ಸಾಕು. ಒಂದು ಕ್ಯಾರೆಟ್ ದಾಟಿದರೆ ವಿಎಸ್ 2 ನೋಡಿ. ಉದ್ದ ಚೌಕವಾಗಿ, ಮೆಟ್ಟಿಲು ಇಳಿದ ಹಾಗೆ ಕತ್ತರಿಸಿದ ಎಮರಾಲ್ಡ್ ಕಟ್ ಹರಳು ತಿಳಿನೀರಿನ ಕೊಳ ಇದ್ದ ಹಾಗೆ, ಒಳಗಿರುವುದೆಲ್ಲ ಕಾಣುತ್ತದೆ. ಅದಕ್ಕೆ ವಿಎಸ್ 1 ಬೇಕು. ಗುರುತು ಬದಿಯಲ್ಲಿದ್ದರೆ ಚಿಂತೆಯಿಲ್ಲ. ಮೇಲಿನ ಚಪ್ಪಟೆ ಮುಖದ ನಟ್ಟನಡುವೆ ಕಪ್ಪಗಿದ್ದರೆ ಬೇಡ. ಬಿರುಕು ಅಂಚಿಗೆ ಬಂದು ಮುಟ್ಟಿದ್ದರೂ ಬೇಡ. ವಜ್ರ ಎಷ್ಟು ಗಟ್ಟಿಯಾದರೂ ಅಂಥ ಕಡೆ ಪೆಟ್ಟು ಬಿದ್ದರೆ ಚೂರು ಹಾರುತ್ತದೆ. ಮೋಡ ಜಾಸ್ತಿ ಇದ್ದು ಹರಳು ಹಾಲು ಬೆರೆಸಿದ ನೀರಿನ ಹಾಗೆ ಮಂಕಾಗಿದ್ದರೆ, ದರ್ಜೆ ಏನೇ ಬರೆದಿರಲಿ, ಬಿಟ್ಟು ಬನ್ನಿ.

ಬಿರುಕಿಗೆ ಗಾಜಿನಂಥದ್ದು ತುಂಬಿ ಚೊಕ್ಕ ಮಾಡಿದ ಹರಳುಗಳೂ ಬಜಾರಿನಲ್ಲಿ ಇವೆ. ಅಕ್ಕಸಾಲಿಯ ಬೆಂಕಿ ತಾಗಿದರೆ ತುಂಬಿದ್ದು ಹಾಳಾಗುತ್ತದೆ. ಏನಾದರೂ ತುಂಬಿದ್ದೀರಾ ಅಂತ ನೇರವಾಗಿ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ದರ್ಜೆ ಬರೆದ ಸರ್ಟಿಫಿಕೇಟಿನ ನಂಬರನ್ನು ಹರಳಿನ ಅಂಚಿನಲ್ಲಿ ಲೇಸರಿನಿಂದ ಕೊರೆದಿದ್ದರೆ, ಐಗ್ಲಾಸಿನಲ್ಲಿ ತೋರಿಸಿ ಅನ್ನಿ. ಎರಡೂ ತಾಳೆಯಾಗಬೇಕು. ಸಂಕೋಚ ಬೇಡ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಅಂಗಡಿಯಿಂದ ಎದ್ದು ಬನ್ನಿ. ಲ್ಯಾಬಿನಲ್ಲಿ ಬೆಳೆಸಿದ ವಜ್ರಕ್ಕೆ ಜಿಐಎ 2025ರಿಂದ ಈ ದರ್ಜೆಗಳನ್ನು ಕೊಡುವುದು ಬಿಟ್ಟಿದೆ, ಬೇರೆ ಕೆಲವರು ಕೊಡುತ್ತಾರೆ. ಅಲ್ಲೂ ಮಾತು ಅದೇ. ಕಣ್ಣಿಗೆ ಕಾಣದ್ದಕ್ಕೆ ದುಡ್ಡು ಕೊಡಬೇಡಿ.

ಇನ್ನೊಂದೇ ಒಂದು. ಮದುವೆಯಾಗಿ ಆರು ತಿಂಗಳಿಗೆ ಅದೇ ಹುಡುಗಿ ಗಾಬರಿಯಿಂದ ಫೋನ್ ಮಾಡಿದಳು. "ಆಂಟಿ, ಚುಕ್ಕೆ ದೊಡ್ಡದಾಗಿದೆ. ಹರಳೆಲ್ಲ ಕಪ್ಪಾಗಿದೆ." ಚುಕ್ಕೆ ಬೆಳೆಯುವುದಿಲ್ಲ. ವಜ್ರಕ್ಕೆ ಜಿಡ್ಡು ಬಹಳ ಬೇಗ ಅಂಟುತ್ತದೆ. ಗಣಿಗಳಲ್ಲಿ ಕಲ್ಲುಮಣ್ಣಿನಿಂದ ವಜ್ರ ಬೇರೆ ಮಾಡಲು ಗ್ರೀಸ್ ಬಳಿದ ಮೇಜಿನ ಮೇಲೆ ನೀರು ಹರಿಸುತ್ತಿದ್ದರು. ಬೇರೆ ಕಲ್ಲೆಲ್ಲ ಕೊಚ್ಚಿ ಹೋದರೂ ವಜ್ರ ಮಾತ್ರ ಅಂಟಿ ನಿಲ್ಲುತ್ತಿತ್ತು. ಅವಳ ಉಂಗುರದ ಹಿಂದೆ ಅಂಟಿದ್ದು ಚಪಾತಿ ಹಿಟ್ಟು, ತೆಂಗಿನೆಣ್ಣೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಹತ್ತು ನಿಮಿಷ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಿಂಬದಿ ಉಜ್ಜಿ. ಆದರೆ ತೊಳೆಯುವಾಗ ನೇರ ಸಿಂಕಿನ ಮೇಲೆ ಹಿಡಿಯಬೇಡಿ, ಕೆಳಗೆ ಒಂದು ಬಟ್ಟಲು ಇಟ್ಟುಕೊಳ್ಳಿ. ನಮಸ್ಕಾರ.